ಹುಲ್ಲಿನ ನೆಲ ಪಾಳುನೆಲವಲ್ಲ

ಪರೀಕ್ಷೆಗಳು ಮುಗಿದ ಬೇಸಿಗೆಯ ಮಧ್ಯಾಹ್ನಗಳಲ್ಲಿ ದಾವಣಗೆರೆಯಂಥ, ಹರಿಹರದಂಥ ಊರುಗಳ ಎಷ್ಟೋ ಮನೆಗಳಲ್ಲಿ ಮಕ್ಕಳು ಕಂಪ್ಯೂಟರಿನ ಪರದೆಯ ಮೇಲೆ ಮೃಗಾಲಯ ಕಟ್ಟುತ್ತಾರೆ. ಹೊರಗೆ ಕಾದ ರಸ್ತೆ, ಒಳಗೆ ಹುಲಿ, ಜಿರಾಫೆ, ಹಿಮಕರಡಿ. 2001ರಲ್ಲಿ ಬಂದ ‘ಝೂ ಟೈಕೂನ್’ ಎಂಬ ಆಟದಿಂದ ಹಿಡಿದು 2019ರಲ್ಲಿ ಬ್ರಿಟನ್ನಿನ ಕಂಪನಿಯೊಂದು ಹೊರತಂದ ‘ಪ್ಲಾನೆಟ್ ಝೂ’ವರೆಗೆ ಈ ಬಗೆಯ ಆಟಗಳಿಗೆ ಒಂದು ಪರಂಪರೆಯೇ ಬೆಳೆದಿದೆ. ಇದು ಕೇವಲ ಕಾಲಹರಣವೆಂದು ತಳ್ಳಿಹಾಕುವ ಹಿರಿಯರು ಒಂದು ಗಳಿಗೆ ಮಗುವಿನ ಪಕ್ಕದಲ್ಲಿ ಕುಳಿತು ನೋಡುವುದು ಒಳ್ಳೆಯದು. ಪರಿಸರದ ಬಗ್ಗೆ ಸರ್ಕಾರಿ ಕಡತಗಳು ಇನ್ನೂ ಒಪ್ಪಿಕೊಳ್ಳದ ಒಂದು ಪಾಠವನ್ನು ಆ ಆಟ ಹತ್ತು ವರ್ಷದ ಮಗುವಿಗೆ ಸದ್ದಿಲ್ಲದೆ ಕಲಿಸುತ್ತಿದೆ.

ಪಾಠ ಇಷ್ಟೇ: ಪ್ರಾಣಿಯನ್ನು ತರುವ ಮೊದಲು ಅದರ ನೆಲೆಯನ್ನು ಅರಿಯಬೇಕು. ಪ್ಲಾನೆಟ್ ಝೂನಲ್ಲಿ ಇಂಥ ನೆಲೆಗಳು, ಅಂದರೆ ಬಯೋಮ್‌ಗಳು, ಏಳು. ಉಷ್ಣವಲಯದ ಮಳೆಕಾಡು, ಸಮಶೀತೋಷ್ಣ ವಲಯ, ಉತ್ತರದ ಟೈಗಾ, ಹಿಮಬಯಲಾದ ಟಂಡ್ರಾ, ಮರುಭೂಮಿ, ಜಲನೆಲೆ ಮತ್ತು ಹುಲ್ಲುಗಾವಲು. 2004ರ ಎರಡನೆಯ ಝೂ ಟೈಕೂನ್ ಇನ್ನೂ ಸೂಕ್ಷ್ಮವಾಗಿತ್ತು. ಅದರಲ್ಲಿ ಹುಲ್ಲುಗಾವಲು, ಸವನ್ನಾ, ಕುರುಚಲು ಎಂದು ಮೂರು ಬೇರೆ ಬೇರೆ ಕುಂಚಗಳೇ ಇದ್ದವು. ಆಟಗಾರ ಗುಡ್ಡ ಎಬ್ಬಿಸುತ್ತಾನೆ, ಕೊಳ ತೋಡುತ್ತಾನೆ, ಗಿಡ ನೆಡುತ್ತಾನೆ. ಗಿಡ ನೆಡುವುದಕ್ಕೂ ಲೆಕ್ಕವಿದೆ. ಬೇರೆ ಖಂಡದ, ಬೇರೆ ನೆಲೆಯ ಗಿಡ ನೆಟ್ಟರೆ ಪ್ರಾಣಿಯ ನೆಮ್ಮದಿಯ ಪಟ್ಟಿ ಕೆಳಗಿಳಿಯುತ್ತದೆ. ಬಯಲಿನಲ್ಲಿ ಓಡಿ ಬದುಕುವ ಪ್ರಾಣಿಯ ಆವಾಸದಲ್ಲಿ ಅಳತೆ ಮೀರಿ ಮರಗಳನ್ನು ತುಂಬಿದರೂ ಪಟ್ಟಿ ಕೆಳಗಿಳಿಯುತ್ತದೆ. ‘ಮರ ಹೆಚ್ಚಾದಷ್ಟೂ ಒಳ್ಳೆಯದು’ ಎಂಬ ಮಾತು ಆ ಆಟದಲ್ಲಿ ನಡೆಯುವುದಿಲ್ಲ.

ಈ ಏಳರಲ್ಲಿ ಯಾವುದು ಹೆಚ್ಚು ಇಷ್ಟ ಎಂದು ಕೇಳಿದರೆ ಮಳೆಕಾಡಿನತ್ತ ಬೆರಳು ತೋರಿಸುವವರೇ ಬಹಳ ಮಂದಿ ಇದ್ದಾರು. ಅದರಲ್ಲಿ ತಪ್ಪೇನೂ ಇಲ್ಲ. ಜಲಪಾತ, ಬಳ್ಳಿ, ಮಂಜು, ಎತ್ತರದ ಮರಗಳು ಕಣ್ಣಿಗೆ ಹಬ್ಬ. ಮಲೆನಾಡಿನ ಪರಿಸರ ಚಳವಳಿಯೂ ಬೆಳೆದದ್ದು ಇದೇ ಹಸಿರಿನ ಮೋಹದಲ್ಲಿ. ಅಪ್ಪಿಕೋದಿಂದ ಕುದುರೆಮುಖದವರೆಗೆ ಇಲ್ಲಿನ ಹೋರಾಟಗಳ ಮನಸ್ಸಿನಲ್ಲಿ ‘ಕಾಡು’ ಎಂಬ ಪದಕ್ಕೆ ‘ಮರ’ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಘಟ್ಟ ಇಳಿದು ಶಿವಮೊಗ್ಗ ದಾಟಿ ಹೊನ್ನಾಳಿ, ಹರಿಹರಗಳ ಹಾದಿ ಹಿಡಿದ ಮಲೆನಾಡಿಗನಿಗೆ ಬಸ್ಸಿನ ಕಿಟಕಿಯಿಂದ ಕಾಣುವುದು ‘ಬೋಳು ಬಯಲು’. ಆ ಬೋಳು ಎಂಬ ಮಾತಿನಲ್ಲಿಯೇ ತೀರ್ಪು ಅಡಗಿದೆ. ಅಲ್ಲಿ ಏನೋ ಇರಬೇಕಿತ್ತು, ಯಾರೋ ಕಡಿದುಹಾಕಿದ್ದಾರೆ, ಮತ್ತೆ ನೆಟ್ಟು ಸರಿಪಡಿಸಬೇಕು ಎಂಬ ತೀರ್ಪು.

ಆದರೆ ಆ ಬಯಲು ಬೋಳಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿದರೆ, ದಾವಣಗೆರೆಯ ಪಾಲಿಗೆ ಬರುವುದು ಆರುನೂರೈವತ್ತರ ಆಸುಪಾಸು. ಅಷ್ಟು ಮಳೆಯಲ್ಲಿ, ಆ ಕೆಂಪು ಜಲ್ಲಿ ನೆಲದಲ್ಲಿ ಪ್ರಕೃತಿ ತಾನಾಗಿ ಬೆಳೆಸಿಕೊಂಡದ್ದು ಹುಲ್ಲು, ಕುರುಚಲು, ಅಲ್ಲಲ್ಲಿ ಒಂದು ಬನ್ನಿ, ಒಂದು ಬಾರೆ, ಒಂದು ಜಾಲಿ. ಮನುಷ್ಯ ಕೊಡಲಿ ಹಿಡಿಯುವುದಕ್ಕೆ ಲಕ್ಷಾಂತರ ವರ್ಷಗಳ ಮೊದಲೇ ಹುಲ್ಲು ಈ ಉಪಖಂಡದಲ್ಲಿ ಹರಡಿಕೊಂಡಿತ್ತು. ಹುಲ್ಲುಗಾವಲು ಸತ್ತ ಕಾಡಿನ ಹೆಣವಲ್ಲ. ತನ್ನದೇ ಪ್ರಾಣಿ, ಪಕ್ಷಿ, ಕೀಟಗಳಿರುವ ಸ್ವತಂತ್ರ ಲೋಕ. ಗೌಜಲಕ್ಕಿ, ಬುರ್ಲಿ, ನೆಲಗುಬ್ಬಿಗಳು ಅಲ್ಲಿ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಹಾರಿಬರುವ ಸೆಳೆವ ಹಕ್ಕಿಗಳು ರಾತ್ರಿ ತಂಗುವುದೂ ಹುಲ್ಲಿನ ನಡುವೆಯೇ. ತೋಳ, ನರಿ, ಕೃಷ್ಣಮೃಗಗಳಿಗೆ ದೂರದವರೆಗೆ ಕಣ್ಣು ಹಾಯಬೇಕು, ಓಡಲು ಜಾಗ ಬೇಕು. ದಟ್ಟ ಕಾಡು ಅವುಗಳ ಪಾಲಿಗೆ ಅರಣ್ಯವಲ್ಲ, ಬಂದೀಖಾನೆ.

ದಾವಣಗೆರೆ ಜಿಲ್ಲೆಗೆ ಇದರ ಸಾಕ್ಷ್ಯ ದೂರದಲ್ಲೇನೂ ಇಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಸುತ್ತಲಿನ ಸುಮಾರು 77 ಚದರ ಕಿಲೋಮೀಟರು ಪ್ರದೇಶವನ್ನು 2011ರಲ್ಲಿ ಕೊಂಡುಕುರಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಕೊಂಡುಕುರಿ ಎಂದರೆ ನಾಲ್ಕು ಕೊಂಬಿನ ಪುಟ್ಟ ಹುಲ್ಲೆ. ಭಾರತ ಮತ್ತು ನೇಪಾಳಗಳನ್ನು ಬಿಟ್ಟರೆ ಜಗತ್ತಿನ ಇನ್ನಾವ ಕಾಡಿನಲ್ಲೂ ಅದು ಇಲ್ಲ. ಅದಕ್ಕೆ ಬೇಕಾದದ್ದು ಆಗುಂಬೆಯ ಹಸಿರಲ್ಲ. ಒಣ ಕುರುಚಲು, ನಡುವೆ ಹುಲ್ಲು, ಹತ್ತಿರದಲ್ಲಿ ನೀರು. ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಚಿಂಕಾರಕ್ಕಾಗಿಯೇ ಒಂದು ಧಾಮ ಘೋಷಣೆಯಾಯಿತು. ಅದೂ ಇಂಥದೇ ‘ಬೋಳು’ ನೆಲ. ಬಯಲುಸೀಮೆಯ ಈ ಅಮೂಲ್ಯ ಜೀವಿಗಳು ಉಳಿದುಕೊಂಡಿರುವುದೇ ಯಾರೂ ಸುಂದರವೆಂದು ಕರೆಯದ ಜಾಗಗಳಲ್ಲಿ.

ಇಂಥ ನೆಲವನ್ನು ಅರ್ಥಮಾಡಿಕೊಳ್ಳದೆ ಹೋದರೆ ಏನಾಗುತ್ತದೆ ಎಂಬುದನ್ನು ಹರಿಹರದ ಸೀಮೆ ಒಮ್ಮೆ ಕಂಡಿದೆ. ತುಂಗಭದ್ರೆಯ ಈ ದಡದಲ್ಲಿ ಹರಿಹರ, ಆ ದಡದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ. ಅಲ್ಲಿ 1972ರಲ್ಲಿ ಆರಂಭವಾದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ರೇಯಾನ್ ತಿರುಳಿಗಾಗಿ ಮರ ಬೇಕಿತ್ತು. ಬೇಗ ಬೆಳೆಯುವ ಮರವೆಂದರೆ ನೀಲಗಿರಿ. 1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮದ ಕಡೆಯಿಂದ ಶೇ. 51, ಕಂಪನಿಯ ಕಡೆಯಿಂದ ಶೇ. 49 ಪಾಲಿನೊಂದಿಗೆ ‘ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್’ ಹುಟ್ಟಿಕೊಂಡಿತು. ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯನ್ನು ಅದಕ್ಕೆ ವಹಿಸುವ ಯೋಜನೆ ಸಿದ್ಧವಾಯಿತು. ಕಡತದಲ್ಲಿ ಆ ಭೂಮಿಯ ಹೆಸರು ‘ಸಿ ಮತ್ತು ಡಿ ದರ್ಜೆ’. ಊರಿನವರ ಬಾಯಲ್ಲಿ ಅದರ ಹೆಸರು ಗೋಮಾಳ, ಕಾವಲು, ಹುಲ್ಲುಬನ್ನಿ. ದನ ಮೇಯುತ್ತಿದ್ದುದು, ಕುರಿ ತಂಗುತ್ತಿದ್ದುದು, ಒಲೆಗೆ ಪುಳ್ಳೆ ಸಿಗುತ್ತಿದ್ದುದು ಅಲ್ಲಿಯೇ. ಕಡತಕ್ಕೆ ಅದು ಖಾಲಿಯಾಗಿ ಕಂಡಿತು, ಊರಿಗೆ ಅದು ತುಂಬಿದ ಕಣಜವಾಗಿತ್ತು.

ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಡಾ. ಶಿವರಾಮ ಕಾರಂತ ಮೊದಲಾದವರು ಇದರ ವಿರುದ್ಧ ಸುಪ್ರೀಂ ಕೋರ್ಟಿನ ಮೊರೆಹೋದರು. 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷದ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಹಣ್ಣಿನ, ಮೇವಿನ ಸಸಿಗಳನ್ನು ಹಚ್ಚಿದರು. 1991ರಲ್ಲಿ ಆ ಜಂಟಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಕರ್ನಾಟಕದ ಪರಿಸರ ಚಳವಳಿ ಹೆಮ್ಮೆಯಿಂದ ನೆನೆಯುವ ಗೆಲುವು ಇದು. ಆದರೆ ಆ ಗೆಲುವಿನ ಒಂದು ಅರ್ಧ ಇಂದಿಗೂ ಮನಸ್ಸಿಗೆ ಇಳಿದಿಲ್ಲ. ನೀಲಗಿರಿ ತಪ್ಪು ಮರ ಎಂಬುದು ಎಲ್ಲರಿಗೂ ತಿಳಿಯಿತು; ಕೆಲವು ನೆಲಗಳಲ್ಲಿ ಯಾವ ಮರವನ್ನೂ ಒತ್ತಾಗಿ ನೆಡುವುದೇ ತಪ್ಪು ಎಂಬುದು ತಿಳಿಯಲಿಲ್ಲ.

ಕುಮಾರಪಟ್ಟಣದಿಂದ ತುಸು ದೂರದಲ್ಲೇ ಇರುವ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಈ ಉಳಿದರ್ಧದ ಪಾಠ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಈ ಅಭಯಾರಣ್ಯದ ಬಹುಭಾಗದಲ್ಲಿ ಎದ್ದು ನಿಂತದ್ದು ನೀಲಗಿರಿ ನೆಡುತೋಪು. ಬಯಲಿನ ಪ್ರಾಣಿಗೆ ಕೊಟ್ಟ ಮನೆಯೊಳಗೆ ಬಯಲೇ ಇಲ್ಲದಂತಾಯಿತು. ತೋಪಿನ ನೆರಳಿನಲ್ಲಿ ಹುಲ್ಲು ಏಳದು. ಮೇವು ಅರಸಿ ಕೃಷ್ಣಮೃಗ ಪಕ್ಕದ ಮೆಕ್ಕೆಜೋಳದ ಹೊಲಕ್ಕೆ ನುಗ್ಗಿದರೆ ನಷ್ಟ ರೈತನದು, ಅಪವಾದ ಪ್ರಾಣಿಯದು. ಹಿಂದೊಮ್ಮೆ ಈ ಬಯಲಿನಲ್ಲಿ ಕಾಣುತ್ತಿದ್ದ ಎರ್ಲಡ್ಡು ಹಕ್ಕಿ ಇಂದು ಇಲ್ಲಿಲ್ಲ. ಕರ್ನಾಟಕದಲ್ಲಿ ಅದರ ಕೊನೆಯ ನೆಲೆಯಾದ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಕಂಪ್ಯೂಟರಿನ ಆಟದಲ್ಲಿ ಯಾವ ಮಗುವಾದರೂ ಬಯಲಿನ ಹುಲ್ಲೆಯ ಆವಾಸದಲ್ಲಿ ಆಸ್ಟ್ರೇಲಿಯದ ಮರಗಳನ್ನು ಒತ್ತಾಗಿ ನೆಟ್ಟಿದ್ದರೆ ಪರದೆಯ ಮೇಲೆ ಕೆಂಪು ಎಚ್ಚರಿಕೆ ಹೊತ್ತಿಕೊಳ್ಳುತ್ತಿತ್ತು. ಅಭಯಾರಣ್ಯದಲ್ಲಿ ಹಾಗೆ ಹೊತ್ತಿಕೊಳ್ಳುವ ದೀಪವಿರಲಿಲ್ಲ.

ಇದು ಮುಗಿದ ಕಥೆಯೆಂದು ಭಾವಿಸುವಂತಿಲ್ಲ. ದೇಶದ ‘ಪಾಳುಭೂಮಿ ನಕಾಶೆ’ 2000ದಲ್ಲಿ ಮೊದಲ ಬಾರಿ ಪ್ರಕಟವಾದಾಗಿನಿಂದಲೂ ಕುರುಚಲು ನೆಲ, ಹುಲ್ಲುನೆಲಗಳನ್ನು ಪಾಳಿನ ಲೆಕ್ಕಕ್ಕೇ ಸೇರಿಸುತ್ತ ಬಂದಿದೆ. ಪಾಳು ಎಂದು ಬರೆದ ಮೇಲೆ ಅದನ್ನು ಯಾವುದಕ್ಕಾದರೂ ಕೊಡಬಹುದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಮೈಸೂರು ಅರಸರ ಕಾಲದಿಂದ ಉಳಿದುಬಂದಿದ್ದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಹಂಚಿಕೆಯಾದದ್ದು ಹಾಗೆಯೇ. ಉಳಿದ ಕಡೆ ಬೀಜ ಬಿದ್ದಲ್ಲೆಲ್ಲ ಹಬ್ಬುವ ಬಳ್ಳಾರಿ ಜಾಲಿ ಹುಲ್ಲನ್ನು ನುಂಗುತ್ತಿದೆ. ಇದರ ಮೇಲೆ ಈಗ ಹಸಿರಿನ ಹೆಸರಿನಲ್ಲಿಯೇ ಹೊಸ ಒತ್ತಡವೊಂದು ಬಂದಿದೆ. ಕೇಂದ್ರ ಸರ್ಕಾರದ ‘ಗ್ರೀನ್ ಕ್ರೆಡಿಟ್’ ಯೋಜನೆ 2023ರಲ್ಲಿ ಜಾರಿಗೆ ಬಂತು. 2024ರ ಫೆಬ್ರುವರಿಯ ನಿಯಮದಂತೆ ಕುರುಚಲು ನೆಲವೂ ಪಾಳುಭೂಮಿಯೂ ಗಿಡ ನೆಡುವ ಜಾಗಗಳ ಪಟ್ಟಿಗೆ ಸೇರಿದವು. ಹೆಕ್ಟೇರಿಗೆ ಕನಿಷ್ಠ 1,100 ಗಿಡ ಎಂಬ ಅಳತೆ ಬಂತು. ಟೀಕೆಗಳ ನಂತರ 2025ರಲ್ಲಿ ನಿಯಮ ಪರಿಷ್ಕಾರವಾಯಿತು. ಐದು ವರ್ಷಗಳ ಬಳಿಕ ಶೇ. 40ರಷ್ಟು ಮರದ ಹಂದರ ಇರಬೇಕೆಂಬುದು ಹೊಸ ಅಳತೆ. ಮಲೆನಾಡಿನ ಕಾಡಿಗೆ ಇದು ಸಣ್ಣ ಸಂಖ್ಯೆ. ರಂಗಯ್ಯನದುರ್ಗದಂಥ ಕುರುಚಲು ನೆಲಕ್ಕಾದರೆ ಅದು ನೆಲದ ಜಾತಿಯನ್ನೇ ಬದಲಿಸುವ ಸಂಖ್ಯೆ.

ಮಲೆನಾಡಿನ ಓದುಗರಿಗೆ ಇದರೊಂದಿಗೆ ನೇರ ಸಂಬಂಧವಿದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಯೋಜನೆಯೊಂದಕ್ಕೆ ಕಾಡು ಕೊಟ್ಟರೆ ಅದಕ್ಕೆ ಬದಲಾಗಿ ಬೇರೆಡೆ ಕಾಡು ಬೆಳೆಸಬೇಕು. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆ ಅದಕ್ಕೆ ಹಣದ ವ್ಯವಸ್ಥೆ ಮಾಡಿದೆ. ಘಟ್ಟದಲ್ಲಿ ಖಾಲಿ ಭೂಮಿ ಸಿಗದಾಗ ಅಧಿಕಾರಿಯ ಬೆರಳು ನಕಾಶೆಯ ಮೇಲೆ ಪೂರ್ವಕ್ಕೆ, ಬಯಲಿನತ್ತ ಸರಿಯುವುದು ಸಹಜ. ಅಂದರೆ ಒಂದು ಕಡತದ ಸಹಿಯಿಂದ ಎರಡು ನೆಲೆಗಳು ಅಳಿಯುತ್ತವೆ. ಘಟ್ಟದಲ್ಲಿ ಸಾವಿರಾರು ವರ್ಷಗಳ ಮಳೆಕಾಡು ಹೋಗುತ್ತದೆ. ಬಯಲಿನಲ್ಲಿ ಅದಕ್ಕಿಂತ ಕಡಿಮೆಯಿಲ್ಲದ ಹಳೆಯ ಹುಲ್ಲುಗಾವಲು ಹೋಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ನಷ್ಟ ಸೊನ್ನೆ. ಮಲೆನಾಡಿನ ಕಾಡು ಉಳಿಸಲು ಹೊರಟವರು ಬಯಲಿನ ಹುಲ್ಲಿನ ಪರ ಮಾತಾಡದಿದ್ದರೆ, ತಮ್ಮ ಕಾಡನ್ನು ಕಡಿಯಲು ನೆಪವೊಂದನ್ನು ತಾವೇ ಒದಗಿಸಿದಂತೆ.

ಹಾಗೆ ನೋಡಿದರೆ ಮಲೆನಾಡಿಗೆ ಹುಲ್ಲು ಹೊಸದೂ ಅಲ್ಲ. ಪ್ರತಿ ಊರಿನ ಬ್ಯಾಣ, ಕುದುರೆಮುಖದ ಶೋಲಾ ಕಾಡುಗಳ ನಡುವೆ ಹಾಸಿದ ಬೆಟ್ಟದ ಹುಲ್ಲುಗಾವಲು ಇವೆಲ್ಲ ಅದೇ ಕುಲದವು. ಎಷ್ಟೋ ಬ್ಯಾಣಗಳು ಅಕೇಶಿಯಾ ತೋಪುಗಳಾದಾಗ ‘ಹಸಿರಾಯಿತಲ್ಲ’ ಎಂದು ಸಮಾಧಾನಪಟ್ಟವರು ಇಲ್ಲಿಯೂ ಇದ್ದರು. ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರಿಗೆ ಬೇಸಿಗೆಯಲ್ಲಿ ನೀರು ಜಿನುಗಿಸುವುದರಲ್ಲಿ ಆ ಬೆಟ್ಟದ ಹುಲ್ಲಿಗೂ ಶೋಲಾ ಕಾಡಿಗೂ ಸಮಪಾಲಿದೆ. ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಾಗ ಉಳಿದದ್ದು ಕಾಡಷ್ಟೇ ಅಲ್ಲ, ಆ ಹುಲ್ಲೂ ಉಳಿಯಿತು. ಕೂಡ್ಲಿಯಲ್ಲಿ ಎರಡು ನದಿಗಳು ಒಂದಾಗಿ ಹರಿಹರದ ಮುಂದೆ ಹರಿಯುವ ನೀರಿನಲ್ಲಿ, ಭದ್ರಾ ನಾಲೆಯಿಂದ ದಾವಣಗೆರೆಯ ಗದ್ದೆಗಳಿಗೆ ಬರುವ ನೀರಿನಲ್ಲಿ ಮೇಲಿನ ಹುಲ್ಲಿನ ಋಣವಿದೆ. ಆ ಋಣವನ್ನು ಬಯಲಿನ ಹುಲ್ಲು ಕಾಯುವ ಮೂಲಕ ತೀರಿಸುವುದು ನ್ಯಾಯ.

ಆಟದಿಂದ ಕಲಿಯಬೇಕಾದುದು ಇಷ್ಟಾದರೆ, ಕಲಿಯಬಾರದ್ದೂ ಒಂದಿದೆ. ಕಂಪ್ಯೂಟರಿನ ಮೃಗಾಲಯದಲ್ಲಿ ಬೇಲಿಯ ಒಳಗೆ ಪ್ರಾಣಿ, ಹೊರಗೆ ಟಿಕೆಟ್ ಕೊಂಡ ಪ್ರೇಕ್ಷಕ. ನಡುವೆ ಕುರಿಗಾಹಿ ಇಲ್ಲ, ರೈತನಿಲ್ಲ, ಗೋಮಾಳದಲ್ಲಿ ಎಮ್ಮೆ ಮೇಯಿಸುವ ಹೆಂಗಸಿಲ್ಲ. ನಿಜವಾದ ಬಯಲಿನಲ್ಲಿ ಇವರಿದ್ದಾರೆ. ತಲೆಮಾರುಗಳಿಂದ ಕುರಿಮಂದೆಗಳು ಮೇಯ್ದು, ಗೊಬ್ಬರ ಹಾಕಿ, ದಾಟಿಹೋದ ನೆಲ ಅದು. ಮಂದೆಯೇ ಬರದಂತೆ ಬೇಲಿ ಹಾಕಿದರೆ ಕುರುಚಲೂ ಬಳ್ಳಾರಿ ಜಾಲಿಯೂ ಏರಿಬಂದು ಹುಲ್ಲು ಸೊರಗಬಹುದು. ಅಳತೆ ಮೀರಿ ಮೇಯಿಸಿದರೂ ನೆಲ ಬರಡಾಗುತ್ತದೆ. ಇವೆರಡರ ನಡುವಿನ ಹದವನ್ನು ಬಲ್ಲವರು ಕುರಿಗಾಹಿಗಳು. ಹುಲ್ಲುಗಾವಲು ಸಂರಕ್ಷಣೆಯೆಂದರೆ ಜನರನ್ನು ಹೊರಗಿಟ್ಟು ಬಾಗಿಲು ಹಾಕುವುದು ಎಂದಾದರೆ, 1984ರಲ್ಲಿ ಕಂಪನಿಯ ಹೆಸರಿನಲ್ಲಿ ನಡೆಯಹೊರಟದ್ದೇ ಈಗ ಪ್ರಾಣಿಯ ಹೆಸರಿನಲ್ಲಿ ನಡೆದಂತಾಗುತ್ತದೆ. ಕೃಷ್ಣಮೃಗದಿಂದ ಬೆಳೆ ಕಳೆದುಕೊಂಡ ರೈತನಿಗೆ ತಡವಿಲ್ಲದೆ ಪರಿಹಾರ ಸಿಗುವುದೂ ಸಂರಕ್ಷಣೆಯ ಭಾಗವೇ ಆಗಬೇಕು. ಗಿಡ ನೆಡುವವರ ಕೈ ಹಿಡಿಯುವುದೂ ಇಲ್ಲಿನ ಉದ್ದೇಶವಲ್ಲ. ಊರಿನ ಬೀದಿಗೆ, ಕೆರೆಯ ಏರಿಗೆ, ಹೊಲದ ಬದುವಿಗೆ, ಶಾಲೆಯ ಅಂಗಳಕ್ಕೆ ಮರ ಬೇಕೇ ಬೇಕು. ಎಲ್ಲಿ ನೆಡಬೇಕು ಎಂಬುದರಷ್ಟೇ ಎಲ್ಲಿ ನೆಡಬಾರದು ಎಂಬುದೂ ಮುಖ್ಯ ಎಂಬುದಷ್ಟೇ ಮಾತು.

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ದಾವಣಗೆರೆ ಜಿಲ್ಲೆಯಲ್ಲಿ ಉಳಿದಿರುವ ಗೋಮಾಳ, ಕಾವಲು, ಕುರುಚಲು ನೆಲಗಳನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ತಮ್ಮ ದಾಖಲಾತಿಯಲ್ಲಿ ಹುಲ್ಲುಗಾವಲೆಂದೇ ಹೆಸರಿಸಿ ಬರೆದಿಡಬಹುದು. 2002ರ ಜೀವವೈವಿಧ್ಯ ಕಾಯ್ದೆ ಆ ಸಮಿತಿಗಳಿಗೆ ಆ ಕೆಲಸವನ್ನೇ ವಹಿಸಿದೆ. ಪರಿಸರ ದಿನದಂದು ಸಸಿಯ ಬುಟ್ಟಿ ಹೊತ್ತು ಹೊರಡುವ ಶಾಲೆಗಳು ಒಂದು ವರ್ಷವಾದರೂ ಕೊಂಡಜ್ಜಿಯ ಗುಡ್ಡದ ತಪ್ಪಲಿಗೆ ಮಕ್ಕಳನ್ನು ಕರೆದೊಯ್ದು, ಕರಡ ಯಾವುದು, ಗರಿಕೆ ಯಾವುದು, ಗೌಜಲಕ್ಕಿ ಗೂಡು ಕಟ್ಟುವುದೆಲ್ಲಿ ಎಂದು ತೋರಿಸಬಹುದು. ದಾವಣಗೆರೆಯಿಂದ ಚಿತ್ರದುರ್ಗದ ಹೆದ್ದಾರಿಯಲ್ಲಿರುವ ಆನಗೋಡಿನ ಇಂದಿರಾ ಪ್ರಿಯದರ್ಶಿನಿ ಪ್ರಾಣಿ ಸಂಗ್ರಹಾಲಯಕ್ಕೆ ಭಾನುವಾರ ಹೋಗುವ ಕುಟುಂಬಗಳು ಹಲವು. ಜಿಲ್ಲೆಯ ಸ್ವಂತ ಹುಲ್ಲು, ಸ್ವಂತ ಕುರುಚಲಿನ ಒಂದು ತುಂಡನ್ನು ಅಲ್ಲಿ ಬೆಳೆಸಿ, ‘ಇದು ಈ ಊರಿನ ಕಾಡು’ ಎಂದು ಫಲಕ ಹಾಕಿದರೆ ಪಂಜರದ ಚಿರತೆಗಿಂತ ಹೆಚ್ಚಿನದನ್ನು ಮಕ್ಕಳು ಕಂಡುಬಂದಾರು. ಮಲೆನಾಡಿನ ಸಂಘಟನೆಗಳ ಪಾಲಿಗೂ ಕೆಲಸವಿದೆ. ಘಟ್ಟದ ಯಾವುದೇ ಯೋಜನೆಯನ್ನು ಪ್ರಶ್ನಿಸುವಾಗ ‘ಬದಲಿ ಅರಣ್ಯ ಎಲ್ಲಿ ಬೆಳೆಯುತ್ತದೆ, ಅಲ್ಲಿ ಈಗ ಏನಿದೆ?’ ಎಂಬ ಪ್ರಶ್ನೆಯನ್ನು ತಪ್ಪದೆ ಸೇರಿಸಬೇಕು.

ಹರಿಹರದ ಗುಡಿಯಲ್ಲಿ ಹದಿಮೂರನೆಯ ಶತಮಾನದಿಂದ ನಿಂತಿರುವ ಮೂರ್ತಿ ಅರ್ಧ ಹರಿ, ಅರ್ಧ ಹರ. ಒಬ್ಬನಿಗೆ ಕೈಮುಗಿದು ಇನ್ನೊಬ್ಬನನ್ನು ಬಿಡಲು ಅಲ್ಲಿ ಬರುವುದಿಲ್ಲ. ಈ ನಾಡಿನ ಪ್ರಕೃತಿಯೂ ಅಂಥದೇ ಮೂರ್ತಿ: ಪಡುವಣಕ್ಕೆ ಮರ, ಮೂಡಣಕ್ಕೆ ಹುಲ್ಲು, ನಡುವೆ ಎರಡನ್ನೂ ಕೂಡಿಸಿ ಹರಿಯುವ ಒಂದೇ ನದಿ. ಪರದೆಯ ಮೇಲೆ ಏಳು ನೆಲೆಗಳಲ್ಲಿ ಒಂದನ್ನು ಆರಿಸುವಾಗ ದಾವಣಗೆರೆಯ ಮಗುವೊಂದು ಹುಲ್ಲುಗಾವಲಿನ ಮೇಲೆ ಬೆರಳಿಟ್ಟು, ‘ಇದು ನಮ್ಮೂರಿಂದು’ ಎಂದರೆ ಅಂದಿಗೆ ಅರ್ಧ ಕೆಲಸ ಆದಂತೆ. ಉಳಿದರ್ಧ, ಆ ಮಗು ಬೆಳೆದು ದೊಡ್ಡದಾಗುವ ಹೊತ್ತಿಗೆ ಊರಾಚೆ ಆ ಹುಲ್ಲುಗಾವಲು ಇನ್ನೂ ಇರುವಂತೆ ನೋಡಿಕೊಳ್ಳುವುದು. ಅದು ಹಿರಿಯರ ಕೆಲಸ.